ಎಡಗಾಲಿನ ನೀಕ್ಯಾಪು

ಇವತ್ತು ಬೆಳಿಗ್ಗೆ ಅವಲಕ್ಕಿ ಡಬ್ಬಿಗೆ ಕೈ ಹಾಕಿದರೆ ನೀಕ್ಯಾಪು ಸಿಕ್ಕಿತು. ಒಂದೇ ಒಂದು. ಕಪ್ಪು ಬಣ್ಣದ್ದು, ಮಂಡಿಗೆ ಬಿಗಿಯಾಗಿ ಏರಿಸಿಕೊಳ್ಳುವಂಥದ್ದು, ಎಷ್ಟು ತೊಳೆದರೂ ಬೆವರಿನ ವಾಸನೆ ಬಿಡದ್ದು. ಎರಡು ದಿನದಿಂದ ಅದಕ್ಕಾಗಿ ಮನೆಯೆಲ್ಲ ಜಾಲಾಡಿದ್ದೆ. ಹಾಸಿಗೆ ಕೊಡವಿದ್ದೆ, ವಾಷಿಂಗ್ ಮೆಷಿನ್ನಿನೊಳಗೆ ತಲೆ ಹಾಕಿದ್ದೆ, ಗಂಡನ ಅಂಗಡಿಯ ಚೀಲವನ್ನೂ ಬಿಡದೆ ಸುರುವಿ ಬೈಸಿಕೊಂಡಿದ್ದೆ. ಅವಲಕ್ಕಿ ಡಬ್ಬಿಯಲ್ಲಿ ಹುಡುಕಬೇಕೆಂದು ಯಾವ ಪುಣ್ಯಾತ್ಮರಿಗೆ ಹೊಳೆದೀತು ಹೇಳಿ?

“ಅತ್ತೆ, ಇದು ಇಲ್ಲಿಗೆ ಹೆಂಗೆ ಬಂತು?”

ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಅತ್ತೆ ತಲೆ ಸಹ ಎತ್ತಲಿಲ್ಲ. “ನಾನೇ ಇಟ್ಟೀನಿ. ಸಿಗ್ಲಿಲ್ಲ ಅಂದ್ರೆ ಎರಡು ದಿನನಾದ್ರೂ ಮನ್ಯಾಗೆ ಕುಂದ್ರುತೀಯೇನೋ ಅಂತ.”

ತೊಳೆದ ನೀಕ್ಯಾಪನ್ನು ತಿನ್ನುವ ಡಬ್ಬಿಯಲ್ಲಿಟ್ಟಿದ್ದಕ್ಕೆ ಸಿಟ್ಟಾಗಲೋ, ಸೊಸೆಯ ಕಾಲಿನ ಮೇಲೆ ಇಷ್ಟು ಕಾಳಜಿಯಿದೆಯಲ್ಲ ಎಂದು ಕರಗಲೋ ತಿಳಿಯದೆ, ಆ ಅವಲಕ್ಕಿಯನ್ನೇ ಎರಡು ಸಲ ತೊಳೆದು ಒಗ್ಗರಣೆ ಹಾಕಿದೆ. ಯಾರಿಗೂ ಹೇಳಲಿಲ್ಲ. ಎಲ್ಲರೂ ಚೆನ್ನಾಗಿದೆ ಅಂದರು.

ನಾನು ಶಿಕಾರಿಪುರದ ಸೊಸೆ, ಸೊರಬದ ಕಡೆಯ ಮಗಳು. ವಯಸ್ಸು ನಲವತ್ತೊಂದು, ಪ್ರಾಥಮಿಕ ಶಾಲೆಯಲ್ಲಿ ಟೀಚರು. ಈ ವಯಸ್ಸಿಗೆ ಉಳಿದವರಿಗೆ ಬೀಪಿ, ಶುಗರ್ ಬರುತ್ತವೆ. ನನಗೆ ಎರಡು ಆಟಗಳು ಬಂದು ವಕ್ಕರಿಸಿದವು. ಶಿಕಾರಿಪುರದಲ್ಲಿ ಓಟ, ಸೊರಬದಲ್ಲಿ ಕಬಡ್ಡಿ. ಓಟವೆಂದರೆ ಬೊಜ್ಜು ಕರಗಿಸುವ ಓಟವಲ್ಲ, ಹತ್ತು ಹದಿನೈದು ಕಿಲೋಮೀಟರ್ ಎಡೆಬಿಡದೆ ಓಡುವುದು. ಕಬಡ್ಡಿಯೆಂದರೆ ಮಹಿಳಾ ದಿನಾಚರಣೆಯಲ್ಲಿ ಸೀರೆ ಸಿಕ್ಕಿಸಿ ಆಡುವ ಕಬಡ್ಡಿಯಲ್ಲ, ಮೊಣಕೈ ತರಚಿಕೊಂಡು ಆಡುವುದು. ಎರಡು ದೋಣಿಯಲ್ಲಿ ಕಾಲಿಡಬಾರದು ಅಂತ ನಾಲ್ಕನೇ ಕ್ಲಾಸಿಗೆ ಗಾದೆ ವಿಸ್ತರಿಸಿ ಬರೆಸುವವಳು ನಾನೇ. ಒಂದೊಂದು ಸಲ ಬೋರ್ಡಿನ ಮೇಲೆ ಅದನ್ನು ಬರೆಯುವಾಗ ನನ್ನ ಮಂಡಿಗಳು ನಕ್ಕ ಹಾಗೆ ಕಟಕ್ ಅನ್ನುತ್ತವೆ.

ಮೊದಲು ಕಬಡ್ಡಿ. ಅದಕ್ಕೆ ಕಾರಣ ನನ್ನ ಅಕ್ಕ ಶಾರದೆ. ನನಗಿಂತ ಏಳು ವರ್ಷ ದೊಡ್ಡವಳು, ಈಗಲೂ ಅದೇ ಊರಿನಲ್ಲಿ ಗದ್ದೆ ಮಾಡಿಸಿಕೊಂಡು, ಊರಿನ ಅರ್ಧ ಜನರನ್ನು ಬೈದುಕೊಂಡು ಆರೋಗ್ಯವಾಗಿದ್ದಾಳೆ. ಚಿಕ್ಕಂದಿನಲ್ಲಿ ಒಕ್ಕಲು ಮುಗಿದ ಕಣದಲ್ಲಿ ಬಚ್ಚಲೊಲೆಯ ಬೂದಿಯಿಂದ ಗೆರೆ ಎಳೆದು ಹುಡುಗಿಯರನ್ನೆಲ್ಲ ಸೇರಿಸಿ ಆಡಿಸುತ್ತಿದ್ದಳು. ನಾನು ಆರು ವರ್ಷದವಳು, ಅವಳ ಲಂಗ ಹಿಡಿದುಕೊಂಡೇ ತಿರುಗುತ್ತಿದ್ದೆ. ಅಳು ನಿಲ್ಲಿಸಲೆಂದು ನನ್ನನ್ನೂ ಸೇರಿಸಿಕೊಂಡಳು, ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತೆ. ಒಂದು ದಿನ ಒಬ್ಬಳು ಕಡಿಮೆ ಬಿದ್ದಾಗ ನನ್ನನ್ನು ಲೆಕ್ಕಕ್ಕೂ ತೆಗೆದುಕೊಳ್ಳಬೇಕಾಯಿತು. “ಹೋಗಿ ಯಾರನ್ನಾದ್ರೂ ಮುಟ್ಟಿ ಬಾ” ಅಂದಳು. ನಾನು ಹೋದೆ, ಎದುರಿಗೆ ಸಿಕ್ಕವಳನ್ನು ಮುಟ್ಟಿದೆ. ಮುಟ್ಟಿದ ಕೂಡಲೆ ಎಲ್ಲರೂ ಹಿಡಿಯಲು ಬಂದರಲ್ಲ, ಎದೆ ಧಸಕ್ಕೆಂದಿತು. ಕಣ ದಾಟಿ, ಬಣವೆ ದಾಟಿ, ಬೇಲಿಯ ಸಂದಿಯಲ್ಲಿ ನುಸುಳಿ ನೇರ ಮನೆಗೆ ಓಡಿ ಅಮ್ಮನ ಸೆರಗಿನೊಳಗೆ ಸೇರಿಕೊಂಡೆ. ಅಕ್ಕ ಹಿಂದೆಯೇ ಬಂದು ಕಿವಿ ಹಿಡಿದು ಕಣಕ್ಕೆ ಎಳೆದುಕೊಂಡು ಹೋದಳು.

“ಮುಟ್ಟಿ ಬಾ ಅಂದ್ರೆ ಎಂತ ಅರ್ಥ ಮಾರಾಯ್ತಿ? ಮುಟ್ಟಿದ್ ತಕ್ಷಣ ತಿರುಗಿ ನಮ್ ಕಡೆ ಬರದು. ಓಡಿ ಹೋಗದಲ್ಲ!”

ಅವತ್ತಿನಿಂದ ಶುರುವಾಯಿತು ನೋಡಿ. ಮುಟ್ಟು, ತಿರುಗು. ಮುಟ್ಟು, ತಿರುಗು. ಬಾವಿಕಟ್ಟೆಯ ಕಂಬ ಮುಟ್ಟಿ ತಿರುಗು, ಎಮ್ಮೆ ಮುಟ್ಟಿ ತಿರುಗು. ಎಮ್ಮೆ ಒದೆಯಿತು, ಆದರೂ ಬಿಡಲಿಲ್ಲ. ಹೈಸ್ಕೂಲು, ಕಾಲೇಜು ಮುಗಿಯುವಷ್ಟರಲ್ಲಿ ಅದು ನನ್ನ ರಕ್ತಕ್ಕೇ ಇಳಿದಿತ್ತು. ಇವತ್ತಿಗೂ ಕ್ಲಾಸಿನಲ್ಲಿ ಮಗುವಿನ ಬೆನ್ನು ತಟ್ಟಿದರೆ ನನಗೆ ಗೊತ್ತಿಲ್ಲದೆಯೇ ಒಂದು ಹೆಜ್ಜೆ ಹಿಂದಕ್ಕೆ ಜಿಗಿದಿರುತ್ತೇನೆ.

ಇನ್ನು ಓಟ. ಅದಕ್ಕೂ ಕಾರಣ ಅಕ್ಕನೇ, ಅದನ್ನು ಅವಳು ಒಪ್ಪುವುದಿಲ್ಲ. ಮೂರು ವರ್ಷದ ಹಿಂದೆ ಅವಳು ಹಳೆಯ ಆಟಗಾರ್ತಿಯರನ್ನೆಲ್ಲ ಹುಡುಕಿ ತಂಡ ಕಟ್ಟಿದಾಗ ನನಗೆ ಎರಡು ರೇಡಿಗೇ ಏದುಸಿರು. “ದಮ್ಮೇ ಇಲ್ವಲ್ಲೇ ಗೌರಿ. ಶಿಕಾರಿಪುರದಾಗೆ ದಿನಾ ಬೆಳಿಗ್ಗೆ ಸ್ವಲ್ಪ ಓಡು” ಅಂದಳು. ಓಡಿದೆ. ಕೆರೆ ಏರಿಯ ಮೇಲೆ, ಚೂಡಿದಾರಕ್ಕೆ ಬೂಟು ಹಾಕಿಕೊಂಡು. ಮೊದಲನೆಯ ವಾರ ಹಾಲು ಹಾಕಿ ಬರುವವರು, ಪೇಪರ್ ಹಂಚುವವರು, ನನ್ನ ವಿದ್ಯಾರ್ಥಿಗಳ ಅಪ್ಪಂದಿರು ಎಲ್ಲರೂ ಗಾಡಿ ನಿಲ್ಲಿಸಿ, “ಬಸ್ ತಪ್ತೇನ್ರಿ ಟೀಚರ್? ಹತ್ರಿ, ಬಿಟ್ಟು ಬರ್ತೀನಿ” ಅನ್ನುತ್ತಿದ್ದರು. ಒಬ್ಬರಂತೂ, “ಯಾರಿಗಾದ್ರೂ ಸೀರಿಯಸ್ಸಾ?” ಅಂತ ಗಾಬರಿಯಿಂದ ಕೇಳಿದರು. ಅತ್ತೆ ಪಕ್ಕದ ಮನೆಯವರ ಹತ್ತಿರ, “ಊರಾಗಿನ ಸೊಸ್ತೇರು ಗುಡಿ ಸುತ್ತು ಹಾಕ್ತಾರೆ, ನಮ್ ಸೊಸಿ ಕೆರಿ ಸುತ್ತು ಹಾಕ್ತಾಳೆ” ಎಂದದ್ದು ನನ್ನ ಕಿವಿಗೇ ಬಿತ್ತು.

ಆ ಏರಿಯ ಮೇಲೆಯೇ ಗಂಟು ಬಿದ್ದವರು ರುದ್ರಪ್ಪ ಮೇಷ್ಟ್ರು. ಈಸೂರಿನವರು, ರಿಟೈರಾದ ಪೀಟಿ ಮೇಷ್ಟ್ರು, ಕೊರಳಲ್ಲಿ ಇನ್ನೂ ಸೀಟಿ. ನಾನು ಓಡುವುದನ್ನು ಮೂರು ದಿನ ನೋಡಿ ನಾಲ್ಕನೆಯ ದಿನ ಮೊಪೆಡ್ ಅಡ್ಡ ನಿಲ್ಲಿಸಿದರು. “ಟೀಚರ್, ನಿಮ್ಮದು ದೂರದ ಕಾಲು ಐತ್ರಿ. ಹಾಳು ಮಾಡ್ಕಬ್ಯಾಡ್ರಿ.” ನನ್ನ ಕಾಲನ್ನು ಜೀವಮಾನದಲ್ಲಿ ಯಾರೂ ಹೊಗಳಿರಲಿಲ್ಲ. ಉಬ್ಬಿಹೋದೆ. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು.

ಆಮೇಲೆ ಒಂದು ದೇಹಕ್ಕೆ ಇಬ್ಬರು ಯಜಮಾನರು. ಮೇಷ್ಟ್ರು, “ಉಸಿರು ಬಿಡ್ರಿ, ಬಿಡ್ರಿ, ಕಟ್ಟಬ್ಯಾಡ್ರಿ” ಅನ್ನುತ್ತಾರೆ. ಅಕ್ಕ, “ದಮ್ಮು ಕಟ್ಟು, ಬಿಟ್ರೆ ಔಟು” ಅನ್ನುತ್ತಾಳೆ. ಮೇಷ್ಟ್ರು ಎರಡು ಕಿಲೋ ಇಳಿಸಿರಿ ಅನ್ನುತ್ತಾರೆ. ಅಕ್ಕ ಅಕ್ಕಿರೊಟ್ಟಿಯ ಮೇಲೆ ತುಪ್ಪ ಸುರಿದು, “ಇಷ್ಟು ತೆಳ್ಳಗಿದ್ರೆ ಒಬ್ಳು ಹಿಡಿದ್ರೆ ಸಾಕು, ಬಟ್ಟೆ ಹಿಂಡಿದಂಗೆ ಹಿಂಡ್ತಾರೆ” ಅನ್ನುತ್ತಾಳೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಆ ಕೂಸು ನನ್ನ ಮಂಡಿ. ಒಂದು ಭಾನುವಾರವಾದರೂ ಬಿಡುವು ಕೊಡಿ ಎಂದು ಮೇಷ್ಟ್ರನ್ನು ಕೇಳಿದರೆ, “ಈಸೂರಿನವರು ಬ್ರಿಟಿಷರಿಗೇ ಬಗ್ಗಿಲ್ರಿ, ನಿಮ್ಮ ಭಾನುವಾರಕ್ಕೆ ಬಗ್ತೀವಾ?” ಅಂದುಬಿಟ್ಟರು. ಸ್ವಾತಂತ್ರ್ಯ ಹೋರಾಟವನ್ನು ಎದುರಿಗಿಟ್ಟರೆ ನಾನು ಏನು ವಾದ ಮಾಡಲಿ?

ಹಾಗಾಗಿ ಭಾನುವಾರ ಬೆಳಿಗ್ಗೆ ಹದಿನೈದು ಕಿಲೋಮೀಟರ್ ಓಡಿ, ಸ್ನಾನ ಮಾಡಿ, ಸೊರಬದ ಬಸ್ಸು ಹತ್ತುತ್ತಿದ್ದೆ. ಕೂತವಳಿಗೆ ಊರು ಬಂದರೆ ಏಳಲಾಗುತ್ತಿರಲಿಲ್ಲ. “ಟೀಚರ್, ನಿಮ್ ಸ್ಟಾಪ್ ಬಂತ್ರಿ” ಎಂದು ಕಂಡಕ್ಟರ್ ಕೂಗಿದರೆ, “ನಂಗೆ ಗೊತ್ತಾತಪ್ಪ, ಕಾಲಿಗೆ ಇನ್ನೂ ಗೊತ್ತಾಗಿಲ್ಲ” ಅನ್ನುತ್ತಿದ್ದೆ. ಒಂದು ಸಲ ಹೀಗೆ ಎರಡೂ ಆಟ ಮುಗಿಸಿದ ಮಾರನೆಯ ದಿನವೇ ಶಾಲೆಯ ಮಕ್ಕಳನ್ನು ಬಂದಳಿಕೆಗೆ ಕರೆದುಕೊಂಡು ಹೋಗಬೇಕಿತ್ತು. ದೇವಸ್ಥಾನದ ಎದುರು ಒಂದು ಶಾಸನದ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ, ಅಷ್ಟೆ. ಏಳುವ ಪ್ರಶ್ನೆಯೇ ಇಲ್ಲ. ಮಕ್ಕಳ ಮುಂದೆ ಮಾನ ಉಳಿಯಬೇಕಲ್ಲ, ಒಂದಕ್ಷರ ತಿಳಿಯದ ಹಳಗನ್ನಡವನ್ನು ಬೆರಳಿಟ್ಟು ಅರ್ಧ ಗಂಟೆ ಓದಿದೆ. ನಮ್ಮ ಹೆಡ್ ಮೇಡಂ ಆಮೇಲೆ ಸ್ಟಾಫ್ ಮೀಟಿಂಗಿನಲ್ಲಿ ನನ್ನ ಇತಿಹಾಸ ಪ್ರೇಮವನ್ನು ಹೊಗಳಿದರು.

ನೀಕ್ಯಾಪಿನ ವಿಷಯ ಅಲ್ಲೇ ಉಳಿಯಿತು ನೋಡಿ. ಮಂಡಿ ನೋವು ಶುರುವಾದಾಗ ಒಂದು ಜೊತೆ ಕೊಂಡಿದ್ದೆ. ಅಕ್ಕ ಅದರಲ್ಲಿ ಒಂದನ್ನು ಎತ್ತಿಕೊಂಡಳು. “ನಿಂಗೆ ನೋವಿರದು ಎಡಗಾಲಿಗೆ, ನಂಗೆ ಬಲಗಾಲಿಗೆ. ಒಂದೊಂದು ಸಾಕು. ಸುಮ್ನೆ ಎರಡು ಜೊತೆ ಎಂತಕ್ಕೆ ದಂಡ?” ಹೀಗೆ ನಾವು ಅಕ್ಕತಂಗಿಯರು ಒಂದು ಜೊತೆಯನ್ನು ಎರಡು ತಾಲ್ಲೂಕಿಗೆ ಹಂಚಿಕೊಂಡೆವು.

ಹೋದ ವರ್ಷ ಮೇಷ್ಟ್ರು ಒಂದು ಸುದ್ದಿ ತಂದರು. ಶಿಕಾರಿಪುರದಿಂದ ಶಿರಾಳಕೊಪ್ಪದವರೆಗೆ ಇಪ್ಪತ್ತೊಂದು ಕಿಲೋಮೀಟರ್ ಓಟವಂತೆ, ಹೆಂಗಸರೂ ಓಡಬಹುದಂತೆ. ಹೆಸರು ಕೊಟ್ಟೇ ಬಂದಿದ್ದರು. ಅದೇ ಹೊತ್ತಿಗೆ ಅಕ್ಕನೂ ಒಂದು ಸುದ್ದಿ ಕೊಟ್ಟಳು. ಓಟದ ಮುಂದಿನ ಭಾನುವಾರವೇ ಸೊರಬದಲ್ಲಿ ಕಬಡ್ಡಿ ಪಂದ್ಯ. ಡಾಕ್ಟರು ಅವಳ ಬಲ ಮಂಡಿಯ ಫೋಟೋ ನೋಡಿ, ಇನ್ನು ಆಡಿದರೆ ನಡೆಯುವುದೂ ಕಷ್ಟ ಅಂದಿದ್ದರು. ಅವಳು ಕಾಡಿ ಬೇಡಿ ಒಂದೇ ಒಂದು ಪಂದ್ಯಕ್ಕೆ ಒಪ್ಪಿಸಿದ್ದಳು. ತಂಡದಲ್ಲಿ ನಾವಿದ್ದದ್ದು ಸರಿಯಾಗಿ ಏಳು ಜನ. ಏಳು ಜನ ಇಲ್ಲದಿದ್ದರೆ ಅಂಗಳಕ್ಕೇ ಬಿಡುವುದಿಲ್ಲ ಅಂತ ನಡೆಸುವವರು ಹೇಳಿದ್ದರು.

ಫೋನಿನಲ್ಲಿ ಅಕ್ಕ ಸಿಡಿದಳು. “ನೀನು ಅಲ್ಲಿ ಟಾರ್ ರೋಡಲ್ಲಿ ಓಡಿ ಕಾಲು ಉಳುಕಿಸ್ಕಂಡು ಬಂದ್ರೆ ಏಳನೇದಕ್ಕೆ ನಾನು ಯಾರನ್ನ ನಿಲ್ಲಿಸ್ಲಿ? ಎಮ್ಮೇನಾ?”

“ಉಳುಕಲ್ಲ ಅಕ್ಕ. ಒಂದು ವಾರ ಸುಧಾರಿಸ್ಕೊಂಡು ಬರ್ತೀನಿ.”

“ಬ್ಯಾಡ ಅಂದ್ರೆ ಬ್ಯಾಡ. ಅದ್ನ ಬಿಡು. ಈ ಕಡೆ ಬಾ.”

ನನ್ನೊಳಗೆ ಎಲ್ಲಿತ್ತೋ ಅಷ್ಟು ಸಿಟ್ಟು. ಮೂವತ್ತೈದು ವರ್ಷದಿಂದ ಕೇಳಿದ್ದೇ ಅದು. ಹೋದಲ್ಲೆಲ್ಲ ಮುಟ್ಟಿ, ತಿರುಗಿ ಬಾ. ತವರಿಗೆ ಹೋದರೆ ಸಂಜೆ ಬಸ್ಸಿಗೆ ಬಾ. ಟ್ರೇನಿಂಗಿಗೆ ಹೋದರೆ ಮುಗಿದ ತಕ್ಷಣ ಬಾ. ಮನೆ ಬಿಡುವಾಗ ಹೋಗ್ತೀನಿ ಅಂತ ಬಾಯಲ್ಲಿ ಸಹ ಅನ್ನುವ ಹಾಗಿಲ್ಲ, ಬರ್ತೀನಿ ಅಂತಲೇ ಅನ್ನಬೇಕು. ಈ ಓಟವೊಂದರಲ್ಲೇ ನನ್ನನ್ನು ಯಾರೂ ವಾಪಸ್ ಕರೆಯುತ್ತಿರಲಿಲ್ಲ. “ಹುಟ್ಟಿದಾಗಿಂದ ನೀನು ಬಾ ಅಂದಾಗೆಲ್ಲ ಬಂದಿದೀನಿ ಅಕ್ಕ. ಒಂದೇ ಒಂದ್ಸಲ ನಾನು ಹೋಗ್ತೀನಿ” ಅಂದೆ.

“ಹೋಗು ಹಂಗಾರೆ” ಅಂದಳು. ಫೋನ್ ಕಟ್ಟಾಯಿತು.

ಮೂರನೆಯ ದಿನ ಸೊರಬದ ಬಸ್ಸಿನ ಅದೇ ಕಂಡಕ್ಟರ್ ಒಂದು ಸಣ್ಣ ಪ್ಲಾಸ್ಟಿಕ್ ಕವರ್ ಕೊಟ್ಟ. “ನಿಮ್ಮಕ್ಕ ಕೊಟ್ರು ಟೀಚರ್. ಏನೂ ಹೇಳ್ಲಿಲ್ಲ.” ಬಿಚ್ಚಿದರೆ ಬಲಗಾಲಿನ ನೀಕ್ಯಾಪು. ತೊಳೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ ಕಳಿಸಿದ್ದಳು. ಅಕ್ಕ ಬೈದರೆ ನನಗೆ ಹೆದರಿಕೆಯಿಲ್ಲ, ಅದು ಅವಳ ಉಸಿರಾಟ. ಮಡಿಸಿ ಕಳಿಸಿದ್ದು ನೋಡಿ ಹೆದರಿದೆ. ತಂಡದಲ್ಲಿ ನನ್ನ ಜಾಗ ಹೋಯಿತೆಂದು ಅರ್ಥ ಮಾಡಿಕೊಂಡೆ. ಜಾಗ ಹೋದರೆ ಹೋಗಲಿ, ಅಕ್ಕನೂ ಹೋದಳಲ್ಲ. ಆಮೇಲೆ ಹತ್ತು ದಿನ ನಾನು ಮಾಡಿದ ಒಂದು ಫೋನನ್ನೂ ಅವಳು ಎತ್ತಲಿಲ್ಲ. ಓಟ ಬಿಡಬೇಕೆಂದು ಎರಡು ಸಲ ಮೇಷ್ಟ್ರ ಮನೆಯ ಬಾಗಿಲವರೆಗೆ ಹೋಗಿ, ಬಿಡಲಾರದೆ ಬಂದೆ.

ಇಲ್ಲಿ ಒಂದು ಮಾತಿನ ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಮ್ಮ ಸೊರಬದ ಕಡೆ ಮುಟ್ಟುವುದೆಂದರೆ ಕೈಯಿಂದ ಮುಟ್ಟುವುದು. ಶಿಕಾರಿಪುರದವರಿಗೆ ಹೋಗಿ ತಲುಪುವುದೂ ಮುಟ್ಟುವುದೇ. ಮದುವೆಯಾದ ಹೊಸದರಲ್ಲಿ ತವರಿಗೆ ಹೋದಾಗ ಅತ್ತೆ ಫೋನ್ ಮಾಡಿ, “ಮುಟ್ಟಿದೇನವಾ?” ಅಂದಿದ್ದರು. “ಏನನ್ನ ಅತ್ತೆ?” ಅಂದಿದ್ದೆ. ಹದಿನೆಂಟು ವರ್ಷವಾದರೂ ಆ ಮನೆಯಲ್ಲಿ ಅದನ್ನು ಹೇಳಿಕೊಂಡು ನಗುತ್ತಾರೆ. ತಲೆಗೆ ಈಗ ಎರಡೂ ಅರ್ಥ ಗೊತ್ತು. ಕಾಲಿಗೆ ಗೊತ್ತಿರುವುದು ಸೊರಬದ್ದು ಮಾತ್ರ.

ಓಟದ ದಿನ ಬೆಳಿಗ್ಗೆ ಎರಡೂ ಮಂಡಿಗೆ ನೀಕ್ಯಾಪು ಏರಿಸಿ ಹೊರಟೆ. ಹನ್ನೆರಡು ಕಿಲೋಮೀಟರಿನವರೆಗೆ ರಾಣಿಯ ಹಾಗೆ ಓಡಿದೆ. ಉಡುತಡಿಯ ಕಡೆ ಸಾಗುತ್ತಿದ್ದ ಎತ್ತಿನ ಗಾಡಿಯ ಅಜ್ಜನೊಬ್ಬ, “ಎಲ್ಲಿಗವ್ವಾ ಇಷ್ಟು ಅವಸರ?” ಅಂದದ್ದಕ್ಕೆ ನಗುತ್ತ ಕೈ ಬೀಸಿದೆ. ಹದಿನಾರಕ್ಕೆ ನಗು ನಿಂತಿತು. ಹದಿನೆಂಟಕ್ಕೆ ಮೇಷ್ಟ್ರಿಗೆ, ಅಕ್ಕನಿಗೆ, ನೀಕ್ಯಾಪು ಕಂಡುಹಿಡಿದವನಿಗೆ ಒಬ್ಬೊಬ್ಬರಿಗೇ ಶಾಪ ಹಾಕತೊಡಗಿದೆ. ಶಿರಾಳಕೊಪ್ಪದ ಮನೆಗಳು ಕಾಣತೊಡಗಿದಾಗ ನನ್ನ ಮುಂದೆ ಕೇಸರಿ ಟೀ ಶರ್ಟಿನ ಒಬ್ಬಳು ಓಡುತ್ತಿದ್ದಳು. ಅವಳ ಜಡೆಯನ್ನೇ ದಿಟ್ಟಿಸಿಕೊಂಡು ಕಾಲು ಎಳೆಯುತ್ತಿದ್ದೆ. ಕಣ್ಣು ಮಂಜಾಗಿತ್ತು, ತಲೆಯಲ್ಲಿ ಏನೂ ಇರಲಿಲ್ಲ. ಪಕ್ಕದಲ್ಲಿ ಮೊಪೆಡ್ ಮೇಲೆ ಬರುತ್ತಿದ್ದ ಮೇಷ್ಟ್ರು ಸೀಟಿ ಊದಿ ಕೂಗಿದರು.

“ಮುಟ್ರಿ ಟೀಚರ್! ಅವಳನ್ನ ಮುಟ್ರಿ! ಮುಟ್ರಿ, ಬಿಡಬ್ಯಾಡ್ರಿ!”

ಮುಟ್ಟಿದೆ. ಬಾಯಲ್ಲಿ ಯಾವಾಗಲೋ ಕಬಡ್ಡಿ ಕಬಡ್ಡಿ ಶುರುವಾಗಿತ್ತಂತೆ, ಆಮೇಲೆ ಮೇಷ್ಟ್ರು ಹೇಳಿದರು. ಉದ್ದಕ್ಕೆ ಕೈ ಚಾಚಿ ಅವಳ ಭುಜ ಮುಟ್ಟಿದೆ, ಗಿರಕ್ಕನೆ ತಿರುಗಿದೆ, ಇಪ್ಪತ್ತು ಕಿಲೋಮೀಟರ್ ಓಡಿದ ಕಾಲಿನಲ್ಲಿ ಎಲ್ಲಿ ಉಳಿದಿತ್ತೋ ಆ ಶಕ್ತಿ, ಪ್ರಾಣದ ಹಂಗು ಬಿಟ್ಟು ಶಿಕಾರಿಪುರದ ಕಡೆಗೆ ಓಡತೊಡಗಿದೆ. ಆ ಹುಡುಗಿ ಚೀರಿದಳು. ಎದುರಿಗೆ ಬರುತ್ತಿದ್ದ ಓಟಗಾರರು ಎಮ್ಮೆ ನುಗ್ಗಿದಂತೆ ಎರಡು ಪಕ್ಕಕ್ಕೂ ಚೆದುರಿದರು. ಮೇಷ್ಟ್ರು ಸೀಟಿ ಊದುವುದನ್ನೂ ಮರೆತರು. ನನಗೆ ಮಾತ್ರ ಮಧ್ಯದ ಗೆರೆ ಎಲ್ಲಿ ಅನ್ನುವುದೊಂದೇ ಚಿಂತೆ.

ಆಗ ರಸ್ತೆಯ ಬದಿಯಿಂದ ಆ ದನಿ ಬಂತು. ಸಾವಿರ ಜನ ಕೂಗುತ್ತಿದ್ದರೂ ನನ್ನ ಕಿವಿ ಹಿಡಿದು ನಿಲ್ಲಿಸುವ ದನಿ.

“ಏ ಗೌರೀ! ಬರಬ್ಯಾಡ್ವೇ! ಆ ಕಡೆ! ಆ ಕಡೆ ಹೋಗು!”

ಪೆಟ್ಟಿಗೆ ಅಂಗಡಿಯ ಮುಂದೆ, ಕಂಕುಳಲ್ಲಿ ಕೈಚೀಲ ಸಿಕ್ಕಿಸಿಕೊಂಡು, ಸೊಂಟಕ್ಕೆ ಸೆರಗು ಬಿಗಿದು ಅಕ್ಕ ನಿಂತಿದ್ದಳು. ಎರಡೂ ಕೈಯಿಂದ ಕೋಳಿ ಅಟ್ಟುವ ಹಾಗೆ ನನ್ನನ್ನು ಅಟ್ಟುತ್ತಿದ್ದಳು. “ಹೋಗೇ ಮಾರಾಯ್ತಿ, ಹೋಗು! ತಿರುಗಿ ನೋಡಬ್ಯಾಡ, ಹೋಗು!”

ತಿರುಗಿದೆ. ಹೋದೆ. ಉಳಿದ ಒಂದು ಕಿಲೋಮೀಟರು ಅಳುತ್ತಲೇ ಓಡಿದೆ, ಅದಕ್ಕೇನೂ ನಾಚಿಕೆಯಿಲ್ಲ. ಕೇಸರಿ ಟೀ ಶರ್ಟಿನವಳು ನನಗಿಂತ ಬಹಳ ಮೊದಲೇ ಮುಟ್ಟಿದ್ದಳು, ನನ್ನನ್ನು ಕಂಡೊಡನೆ ನಾಲ್ಕು ಹೆಜ್ಜೆ ದೂರ ಸರಿದು ನಿಂತಳು.

ಅಕ್ಕ ಹಿಂದಿನಿಂದ ಕುಂಟುತ್ತ ಬಂದಳು. ಮುಖ ಗಂಟಿಕ್ಕಿಕೊಂಡೇ ಇತ್ತು. “ಗೊಬ್ಬರ ತಗಳಣ ಅಂತ ಬಂದಿದ್ದೆ” ಅಂದಳು. ಅವತ್ತು ಭಾನುವಾರ, ಸಾಲಿನಲ್ಲಿದ್ದ ಗೊಬ್ಬರದ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಅವಳ ಕಣ್ಣು ನನ್ನ ಕಾಲಿನ ಮೇಲೆ ಬಿತ್ತು.

“ಅದು ನಂದಲ್ಲೇನೇ, ಬಲಗಾಲಿಂದು?”

“ನೀನೇ ವಾಪಸ್ ಕಳಿಸಿದ್ದಲ್ಲ.”

“ಕಳಿಸಿದ್ದೆ, ಸೊಕ್ಕು ಬಂದಿತ್ತು. ಈಗ ತೆಗಿ. ಮುಂದಿನ ಭಾನುವಾರ ನಾನು ಎಂತ ಹಾಕ್ಕಳ್ಳದು?”

ತೆಗೆಯಲು ಬಗ್ಗಿದೆ, ಬಗ್ಗಲಾಗಲಿಲ್ಲ. ಸೊಂಟ ಮರದ ಹಲಗೆಯಾಗಿತ್ತು. ಅಕ್ಕ ಒಂದು ಸಲ ನನ್ನ ಮುಖ ನೋಡಿದಳು, “ಕರ್ಮ” ಅಂದಳು. ಕೈಚೀಲವನ್ನು ನನ್ನ ಕೈಗೆ ಕೊಟ್ಟು, ಡಾಕ್ಟರು ಬಗ್ಗಿಸಲೇ ಬಾರದು ಅಂದಿದ್ದ ಆ ಮಂಡಿಯನ್ನು ಟಾರ್ ರೋಡಿಗೆ ಊರಿ ಕೂತು, ನನ್ನ ಬಲಗಾಲಿನಿಂದ ಅದನ್ನು ಮೆಲ್ಲಗೆ ಸುತ್ತಿ ಸುತ್ತಿ ಇಳಿಸಿದಳು.

ಪಂದ್ಯ ಸೋತೆವು, ಅದು ಬೇರೆ ಮಾತು. ಆ ಕೊನೆಯ ಪಂದ್ಯವಾದ ಮೇಲೆ ಅಕ್ಕ ಇನ್ನೂ ಎರಡು ಕೊನೆಯ ಪಂದ್ಯ ಆಡಿದಳು, ಮೂರನೆಯದು ನಾಳೆ ಇದೆ. ಈಗ ಅವಲಕ್ಕಿಯಲ್ಲಿ ಸಿಕ್ಕ ಈ ಎಡಗಾಲಿನದನ್ನು ಬ್ಯಾಗಿಗೆ ಹಾಕಿಕೊಂಡಿದ್ದೇನೆ. ಅತ್ತೆ ಬಾಗಿಲಲ್ಲಿ ನಿಂತು, “ಮುಟ್ಟಿದ ಮ್ಯಾಲೆ ಫೋನ್ ಮಾಡವಾ” ಅನ್ನುತ್ತಿದ್ದಾರೆ.